ನಡು ಎತ್ತರದ ಕೊಟ್ಟಿಗೆ: ಅಳತೆ, ಗಾಳಿ, ಬೆಳಕು ಮತ್ತು ಕಟ್ಟುವ ಕ್ರಮದ ಸಮಗ್ರ ಮಾರ್ಗದರ್ಶಿ

ಮಧ್ಯದಲ್ಲಿ ಅಗಲವಾದ ಒಂದು ಓಣಿ. ಅದರ ಎರಡೂ ಮಗ್ಗುಲಲ್ಲಿ ಪ್ರಾಣಿಗಳ ಕೋಣೆಗಳ ಸಾಲು. ಓಣಿಯ ಮೇಲಿನ ಮಾಡು ಎತ್ತರ, ಮಗ್ಗುಲ ಸಾಲುಗಳ ಮಾಡು ತಗ್ಗು. ಎತ್ತರದ ಮಾಡಿಗೂ ತಗ್ಗಿನ ಮಾಡಿಗೂ ನಡುವೆ, ಎರಡೂ ಕಡೆ, ಕಟ್ಟಡದ ಉದ್ದಕ್ಕೂ ಒಂದೊಂದು ಗೋಡೆಪಟ್ಟಿ ಉಳಿಯುತ್ತದೆ. ವಿನ್ಯಾಸ ಇಷ್ಟೇ. ಇಂಥ ಕಟ್ಟಡವನ್ನು ರೈಸ್ಡ್ ಸೆಂಟರ್ ಐಲ್ ಬಾರ್ನ್ ಅಥವಾ ಮಾನಿಟರ್ ಬಾರ್ನ್ ಅಂತ ಕರೆಯುತ್ತಾರೆ. ಇಲ್ಲಿ ಸುಲಭಕ್ಕೆ ನಡು ಎತ್ತರದ ಕೊಟ್ಟಿಗೆ ಅನ್ನೋಣ.

ಆ ಗೋಡೆಪಟ್ಟಿಯೇ ಈ ಕಟ್ಟಡದ ಜೀವ. ಕೆಟ್ಟ ಗಾಳಿ ಹೊರಗೆ ಹೋಗುವುದು ಅಲ್ಲಿಂದ, ಬೆಳಕು ಒಳಗೆ ಬರುವುದೂ ಅಲ್ಲಿಂದ. ಆದರೆ ಎಷ್ಟೋ ಜನ ಹೊರಗಿನ ಚೆಂದಕ್ಕೆ ಮಾರುಹೋಗಿ ಕಟ್ಟಿಸುತ್ತಾರೆ. ಆಮೇಲೆ ಪಟ್ಟಿಗೆ ತಗಡು ಹೊಡೆದು ಮುಚ್ಚುತ್ತಾರೆ, ಇಲ್ಲವೇ ತೆರೆಯಲು ಬಾರದ ಗಾಜು ಕೂರಿಸುತ್ತಾರೆ. ಎತ್ತರಕ್ಕೆ ದುಡ್ಡು ಸುರಿದದ್ದಾಯ್ತು, ಫಲ ಮಾತ್ರ ಸಿಗುವುದಿಲ್ಲ. ಇದನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಅದಕ್ಕೇ ಈ ಬರಹದಲ್ಲಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ: ಈಗ ಮಾಡುತ್ತಿರುವ ಕೆಲಸದಿಂದ ಆ ಪಟ್ಟಿಗೆ ಅನುಕೂಲವಾಗುತ್ತಾ, ಅಡ್ಡಿಯಾಗುತ್ತಾ?

ಉಪಾಯ ಬಹಳ ಹಳೆಯದು. ಈಜಿಪ್ಟಿನ ಕಾರ್ನಾಕ್ ದೇವಾಲಯದ ದೊಡ್ಡ ಕಂಬದ ಸಭಾಂಗಣ ಕಟ್ಟಿ ಮೂರು ಸಾವಿರ ವರ್ಷಕ್ಕೂ ಜಾಸ್ತಿ ಆಗಿದೆ. ಅಲ್ಲಿರುವ 134 ಕಂಬಗಳಲ್ಲಿ ನಡುವಿನ 12 ಮಾತ್ರ ಉಳಿದವಕ್ಕಿಂತ ಎತ್ತರ. ಆ ಎತ್ತರದ ವ್ಯತ್ಯಾಸದಲ್ಲಿ ಕಲ್ಲಿನ ಜಾಲಂಧ್ರಗಳನ್ನಿಟ್ಟು ಬೆಳಕು ಒಳಗೆ ಬಿಟ್ಟಿದ್ದಾರೆ. ಯುರೋಪಿನ ಹಳೆಯ ಚರ್ಚುಗಳ ನಡುಭಾಗದಲ್ಲೂ ಇದೇ ಆಕಾರ ಕಾಣುತ್ತದೆ. ವಿದ್ಯುತ್ ದೀಪ ಬರುವ ಮೊದಲು ಕಾರ್ಖಾನೆಗಳನ್ನೂ ಹೀಗೇ ಕಟ್ಟುತ್ತಿದ್ದರು. ಕೊಟ್ಟಿಗೆಗೆ ಬಂದಾಗ ಬೆಳಕಿನ ಜೊತೆ ಗಾಳಿಯ ಕೆಲಸವೂ ಸೇರಿಕೊಂಡಿತು.

ಮೊದಲು ಗಾಳಿಯ ಲೆಕ್ಕ ಅರ್ಥವಾಗಲಿ

ಒಂದು ದೊಡ್ಡ ಕುದುರೆ ಉಸಿರಿನಲ್ಲೇ ದಿನಕ್ಕೆ ಸುಮಾರು 7-8 ಲೀಟರ್ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಅದರ ಜೊತೆ ದಿನಕ್ಕೆ 20 ಕಿಲೋಗೂ ಹೆಚ್ಚು ಲದ್ದಿ, ಮೂತ್ರ. ಮೂತ್ರ ಬಿದ್ದ ಹಾಸಿನಿಂದ ಅಮೋನಿಯ ಏಳುತ್ತದೆ. ಹುಲ್ಲಿನಿಂದ ದೂಳು, ಬೂಷ್ಟು. ಇವೆಲ್ಲ ಒಳಗೇ ಉಳಿದರೆ ಪ್ರಾಣಿಯ ಶ್ವಾಸಕೋಶ ಕೆಡುತ್ತದೆ. ಮರಿಗಳಿಗೆ ತೊಂದರೆ ಇನ್ನೂ ಜಾಸ್ತಿ. ಅವು ಮಲಗುವುದೇ ಅಮೋನಿಯ ಹುಟ್ಟುವ ನೆಲದ ಮೇಲೆ ಅಲ್ವಾ?

ಪ್ರಾಣಿಗಳ ಮೈ ಶಾಖಕ್ಕೆ ಬೆಚ್ಚಗಾದ ಗಾಳಿ ಹಗುರಾಗಿ ಮೇಲಕ್ಕೇರುತ್ತದೆ. ಮಗ್ಗುಲ ಮಾಡು ಒಳಮುಖವಾಗಿ ಏರುತ್ತಾ ಹೋಗುವುದರಿಂದ, ಆ ಗಾಳಿ ಶೀಟಿನ ಅಡಿಯಲ್ಲೇ ಜಾರಿಕೊಂಡು ನಡು ಓಣಿಯ ಕಡೆ ಬರುತ್ತದೆ. ಅಲ್ಲಿಂದ ಎತ್ತರದ ಪಟ್ಟಿಯ ಕಿಟಕಿಗಳ ಮೂಲಕ ಹೊರಕ್ಕೆ. ಅದು ಬಿಟ್ಟ ಜಾಗಕ್ಕೆ ಕೆಳಗಿನ ಸೂರಿನ ಸಂದಿಯಿಂದ, ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಫ್ಯಾನು ಬೇಡ, ಕರೆಂಟು ಬೇಡ.

ಇಲ್ಲಿ ಎರಡು ಮಾತು ನೆನಪಿರಲಿ. ಈ ಸೆಳೆತ ಒಳಗಿನ ಮತ್ತು ಹೊರಗಿನ ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವಂಥದ್ದು. ಚಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಸುಡುಬಿಸಿಲಿನ ಮಧ್ಯಾಹ್ನ ಒಳಗೂ ಹೊರಗೂ ಒಂದೇ ಶಾಖವಿದ್ದರೆ ಬಹುತೇಕ ನಿಂತುಹೋಗುತ್ತದೆ. ಆಗ ಕೆಲಸ ಮಾಡುವುದು ಬೀಸುಗಾಳಿ. ಎರಡನೆಯದು, ಎತ್ತರ ಎರಡು ಪಟ್ಟಾದರೆ ಹರಿವು ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟು ಅಷ್ಟೇ. ಹಾಗಾಗಿ ಸುಮ್ನೆ ಎತ್ತರಿಸುತ್ತಾ ಹೋಗುವುದಕ್ಕಿಂತ ತೆರಪು ಸಾಕಷ್ಟು ಕೊಡುವುದು ಜಾಣತನ.

ಹಂತ 1: ಯಾವ ಕೆಲಸಕ್ಕೆ ಅಂತ ತೀರ್ಮಾನಿಸಿ

ಈ ಆಕಾರ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ಕುದುರೆ ಲಾಯಕ್ಕೆ. ಎರಡು ಕಡೆ ಕೋಣೆ, ನಡುವೆ ಓಡಾಟದ ಜಾಗ ಅನ್ನುವುದು ಲಾಯದ ಸಹಜ ನಕ್ಷೆ. ಕೋಣೆಯ ಅಗಲಕ್ಕೂ ಮಗ್ಗುಲ ಸಾಲಿನ ಅಗಲಕ್ಕೂ ತಾಳೆಯಾಗುತ್ತದೆ.

ದನಗಳಿಗೂ ಆಗುತ್ತದೆ. ಆಗ ನಡು ಓಣಿಯನ್ನು ಮೇವು ಹಾಕುವ ದಾರಿ ಮಾಡಿಕೊಳ್ಳಬಹುದು. ಟ್ರ್ಯಾಕ್ಟರ್ ಒಳಗೇ ಬಂದು ಎರಡೂ ಕಡೆ ಗೋದಲಿಗೆ ಮೇವು ಹಾಕಿ ಇನ್ನೊಂದು ತುದಿಯಿಂದ ಹೊರಗೆ ಹೋಗುವಂತಿದ್ದರೆ ಅರ್ಧ ದುಡಿಮೆ ಉಳಿಯುತ್ತದೆ. ಆದರೆ ಓಣಿ ಅಗಲವಾಗಬೇಕು, 14 ರಿಂದ 16 ಅಡಿ. ಕುರಿ, ಮೇಕೆಗಳಿಗೆ ಮಗ್ಗುಲ ಸಾಲಿನ ಎತ್ತರ ಇನ್ನೂ ಕಡಿಮೆಯಿದ್ದರೂ ನಡೆಯುತ್ತದೆ.

ಪ್ರಾಣಿಗಳೇ ಇಲ್ಲದ ಬಳಕೆಯೂ ಉಂಟು. ನಡುವೆ ಎತ್ತರದ ಯಂತ್ರ, ಪಕ್ಕದಲ್ಲಿ ನೇಗಿಲು, ಟ್ರೇಲರ್, ಉಪಕರಣ ಇಟ್ಟುಕೊಳ್ಳುವ ಶೆಡ್ಡಾಗಿ ಇದು ಬಹಳ ಚೆನ್ನ. ಮರಗೆಲಸದವರಿಗೆ ಇದಕ್ಕಿಂತ ಒಳ್ಳೆ ಕಾರ್ಯಾಗಾರ ಸಿಗುವುದು ಕಷ್ಟ. ಎರಡೂ ಕಡೆ ಮೇಲಿನಿಂದ ಬೆಳಕು ಬೀಳುವುದರಿಂದ ಕೈಯ ನೆರಳು ಕೆಲಸದ ಮೇಲೆ ಗಾಢವಾಗಿ ಬೀಳುವುದಿಲ್ಲ. ಸಮಾರಂಭದ ಸಭಾಂಗಣ ಮಾಡುವವರೂ ಇದ್ದಾರೆ. ಹಾಗೆ ಮಾಡುವುದಾದರೆ ಜನ ಸೇರುವ ಕಟ್ಟಡದ ನಿಯಮಗಳು ಬೇರೆಯೇ ಇರುತ್ತವೆ, ಅದನ್ನು ನಕ್ಷೆಗೂ ಮುಂಚೆ ವಿಚಾರಿಸಿ.

ಬೇಡವಾದ ಸಂದರ್ಭವನ್ನೂ ಹೇಳಿಬಿಡುತ್ತೇನೆ. ಕಂಬಗಳಿಲ್ಲದ ಬಯಲು ಜಾಗ ಬೇಕಿದ್ದರೆ, ಅಂದರೆ ಕುದುರೆ ಪಳಗಿಸುವ ಅಂಗಳದಂಥದ್ದಕ್ಕೆ, ಇದು ಆಗಿಬರುವುದಿಲ್ಲ. ಒಳಗೆ ಎರಡು ಸಾಲು ಕಂಬ ಇದ್ದೇ ಇರುತ್ತದೆ. ಎರಡೇ ಎರಡು ಪ್ರಾಣಿ ಇರುವವರಿಗೂ ಇದು ಹೊರೆ. ಸಾಮಾನ್ಯ ಇಳಿಮಾಡಿನ ಕೊಟ್ಟಿಗೆಗಿಂತ ಇದರಲ್ಲಿ ಎರಡು ಗೋಡೆಪಟ್ಟಿ ಜಾಸ್ತಿ, ಮಾಡಿನ ಅಂಚು ಜಾಸ್ತಿ, ನೀರು ಸೋರಬಹುದಾದ ಕೂಡು ಜಾಸ್ತಿ. ವೆಚ್ಚವೂ ಅದಕ್ಕೆ ತಕ್ಕಂತೆ ಏರುತ್ತದೆ.

ಈಗಾಗಲೇ ಕಿರಿದಾದ, ಎತ್ತರದ ಒಂದು ಶೆಡ್ಡಿದ್ದರೆ ಎರಡೂ ಕಡೆ ಇಳಿಮಾಡು ಸೇರಿಸಿ ಇದೇ ಆಕಾರ ಪಡೆಯಬಹುದು. ಹಳೆಯ ಶೆಡ್ಡಿನ ಸೂರು 15 ಅಡಿಗಿಂತ ತಗ್ಗಿದ್ದರೆ ನಡುಪಟ್ಟಿಗೆ ಜಾಗ ಸಾಲುವುದಿಲ್ಲ, ಆ ಆಸೆ ಬಿಡುವುದು ಲೇಸು. ಸಾಕಷ್ಟು ಎತ್ತರವಿದ್ದರೂ ಹಳೆಯ ಕಂಬ ಮತ್ತು ಅಡಿಪಾಯ ಹೊಸ ಭಾರ ಹೊರುತ್ತವಾ ಅಂತ ಎಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ.

ಹಂತ 2: ಜಾಗ ಮತ್ತು ದಿಕ್ಕು

ಸುತ್ತಲಿನ ನೆಲಕ್ಕಿಂತ ಕೊಟ್ಟಿಗೆಯ ನೆಲ 6 ರಿಂದ 12 ಇಂಚು ಎತ್ತರ ಇರಬೇಕು. ನಾಲ್ಕೂ ಕಡೆ ಹೊರಕ್ಕೆ ವಾಟ ಕೊಡಿ. ಮೊದಲ 10 ಅಡಿಯಲ್ಲಿ 6 ಇಂಚು ಇಳಿದರೆ ಸಾಕು. ಬೇರೆ ಕಟ್ಟಡ, ಮರಗಳ ಗುಂಪಿನಿಂದ 20-25 ಮೀಟರ್ ದೂರವಿಡಿ. ಬೆಂಕಿ ಹಬ್ಬುವ ಭಯಕ್ಕೂ ಹೌದು, ಗಾಳಿ ಮರೆಯಾಗದಿರಲಿ ಅಂತಲೂ ಹೌದು.

ದಿಕ್ಕಿನ ವಿಷಯದಲ್ಲಿ ಗಾಳಿಯೂ ಬಿಸಿಲೂ ಎರಡೂ ಲೆಕ್ಕಕ್ಕೆ ಬರುತ್ತವೆ. ಬೇಸಿಗೆಯಲ್ಲಿ ಗಾಳಿ ಬೀಸುವ ದಿಕ್ಕಿಗೆ ಕಟ್ಟಡದ ಉದ್ದನೆಯ ಮುಖ ಇರಬೇಕು. ಆಗ ಗಾಳಿ ಅಡ್ಡಲಾಗಿ ಹಾಯುತ್ತದೆ, ಎತ್ತರದ ಪಟ್ಟಿಯ ಹಿಂಬದಿಯಲ್ಲಿ ಸೆಳೆತ ಹುಟ್ಟಿ ಒಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಿಸಿಲಿನ ಮಟ್ಟಿಗೆ, ಮಾಡಿನ ನೆತ್ತಿ ಪೂರ್ವ-ಪಶ್ಚಿಮವಾಗಿ ಓಡಿದರೆ ಪಟ್ಟಿಯ ಕಿಟಕಿಗಳು ಉತ್ತರಕ್ಕೂ ದಕ್ಷಿಣಕ್ಕೂ ತೆರೆಯುತ್ತವೆ. ಮೇಲಿನ ಸೂರು ಬೇಸಿಗೆಯ ನೆತ್ತಿಬಿಸಿಲನ್ನು ತಡೆಯುತ್ತದೆ. ನೆತ್ತಿ ಉತ್ತರ-ದಕ್ಷಿಣವಾದರೆ ಸಂಜೆಯ ಓರೆಬಿಸಿಲು ನೇರ ಒಳಗೆ ಬಿದ್ದು ಪಶ್ಚಿಮದ ಕಿಟಕಿಗಳು ಒಳಗನ್ನು ಕಾಯಿಸುತ್ತವೆ.

ಎರಡೂ ಹೊಂದದಿದ್ದರೆ? ಸೆಕೆ ಮತ್ತು ತೇವ ಜಾಸ್ತಿ ಇರುವಲ್ಲಿ ಗಾಳಿಗೇ ಮೊದಲ ಮಣೆ ಹಾಕಿ. ಬಿಸಿಲನ್ನು ಸೂರು ಉದ್ದ ಮಾಡಿ ತಡೆಯಬಹುದು, ಬಾರದ ಗಾಳಿಯನ್ನು ಕರೆಯಲು ಬರುವುದಿಲ್ಲ. ಕೊರೆಯುವ ಚಳಿಯ ಜಾಗದಲ್ಲಿ ಇನ್ನೊಂದು ಎಚ್ಚರ. ಚಳಿಗಾಲದ ಗಾಳಿ ಓಣಿಯ ತುದಿಬಾಗಿಲಿಗೆ ನೇರವಾಗಿ ಹೊಡೆಯುವಂತಿದ್ದರೆ ಬಾಗಿಲು ತೆರೆದಾಗಲೆಲ್ಲ ಓಣಿಯುದ್ದಕ್ಕೂ ಶೀತಗಾಳಿ ನುಗ್ಗುತ್ತದೆ.

ಹಂತ 3: ಅಡ್ಡ ಸೀಳಿದ ನಕ್ಷೆಯಿಂದ ಶುರು ಮಾಡಿ

ಹೆಚ್ಚಿನವರು ನೆಲದ ನಕ್ಷೆ ಬರೆದು ಆಮೇಲೆ ಎತ್ತರಗಳನ್ನು ಹೊಂದಿಸುತ್ತಾರೆ. ಈ ಕೊಟ್ಟಿಗೆಗೆ ಅದು ತಲೆಕೆಳಗಾದ ಕ್ರಮ. ಕಟ್ಟಡವನ್ನು ಅಡ್ಡಕ್ಕೆ ಕೊಯ್ದರೆ ಹೇಗೆ ಕಾಣುತ್ತದೋ ಆ ಚಿತ್ರ ಮೊದಲು ಬರೆಯಿರಿ. ಒಂದು ಉದಾಹರಣೆ ಹಿಡಿದುಕೊಂಡು ಹೋಗೋಣ: 36 ಅಡಿ ಅಗಲ, 48 ಅಡಿ ಉದ್ದ. ಮಗ್ಗುಲಿಗೆ 12 ಅಡಿ, ಓಣಿಗೆ 12 ಅಡಿ, ಇನ್ನೊಂದು ಮಗ್ಗುಲಿಗೆ 12 ಅಡಿ. ಉದ್ದಕ್ಕೆ 12 ಅಡಿಗೊಂದು ಕಂಬ. ಎರಡೂ ಕಡೆ ಸೇರಿ 12 ಅಡಿ ಚೌಕದ 8 ಕೋಣೆ ಸಿಗುತ್ತವೆ. ದೊಡ್ಡ ಕುದುರೆಗೆ 12 ಅಡಿ ಚೌಕ ಸರಿಯಾದ ಅಳತೆ, ತಟ್ಟುಗಳಿಗೆ 10 ಅಡಿಯೂ ಸಾಕು. ಈಯುವ ಕುದುರೆಗೆ ಇನ್ನೂ ದೊಡ್ಡದು ಬೇಕು, ಅದಕ್ಕೆ ಎರಡು ಕೋಣೆಗಳ ನಡುವಿನ ಒಂದು ಗೋಡೆಯನ್ನು ಬಿಚ್ಚುವಂತೆ ಮಾಡಿಟ್ಟುಕೊಳ್ಳಿ. 8ರಲ್ಲಿ ಒಂದನ್ನು ಮೇವಿಗೂ ಜೀನು-ಲಗಾಮುಗಳಿಗೂ, ಇನ್ನೊಂದನ್ನು ಮೈ ತೊಳೆಯುವುದಕ್ಕೂ ಬಿಟ್ಟರೆ 6 ಕುದುರೆಗೆ ಜಾಗ.

ಈಗ ಎತ್ತರ. ಹೊರಗೋಡೆಯ ಸೂರು ನೆಲದಿಂದ 9 ಅಡಿ. ಮಗ್ಗುಲ ಮಾಡಿಗೆ 12 ಅಡಿಗೆ 3 ಅಡಿ ಏರು ಕೊಟ್ಟರೆ ಅದು ಒಳಗಿನ ಕಂಬದ ಸಾಲನ್ನು 12 ಅಡಿ ಎತ್ತರದಲ್ಲಿ ಮುಟ್ಟುತ್ತದೆ. ಅಲ್ಲಿಂದ ಮೇಲೆ ನಮ್ಮ ಗೋಡೆಪಟ್ಟಿ. ಅದಕ್ಕೆ 4 ಅಡಿ ಇಡೋಣ. ಯಾಕೆ 4? ಕೆಳಗೆ, ಮಾಡು ಗೋಡೆಗೆ ಸೇರುವ ಸಂದಿ ಮುಚ್ಚುವ ತಗಡಿನ ಮಡಿಕೆ ಮತ್ತು ಮಳೆ ಎರಚಲಿಗೆ 10 ಇಂಚು ಬಿಡಬೇಕು. ಕಿಟಕಿಗೆ 24 ಇಂಚು. ಕಿಟಕಿಯ ಮೇಲಿನ ತೊಲೆಗೂ ಮಾಡಿನ ಆಸರೆಗೂ 14 ಇಂಚು. ಕೂಡಿದರೆ 48 ಇಂಚು. ಪಟ್ಟಿಯನ್ನು 3 ಅಡಿಗೆ ಇಳಿಸಿದರೆ ಕಡಿತವಾಗುವುದು ಪೂರ್ತಿ ಕಿಟಕಿಯಲ್ಲೇ, ಒಂದೇ ಅಡಿ ಉಳಿಯುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ಹೀಗೆ ನಡು ಮಾಡಿನ ಸೂರು 16 ಅಡಿಗೆ ಬಂತು. 12 ಅಡಿ ಅಗಲದ ನಡುಮಾಡಿಗೆ 12ಕ್ಕೆ 4ರ ಏರು ಕೊಟ್ಟರೆ, ಸೂರಿನಿಂದ ನೆತ್ತಿಯವರೆಗಿನ 6 ಅಡಿಯಲ್ಲಿ 2 ಅಡಿ ಏರಿ ನೆತ್ತಿ 18 ಅಡಿ. ಮೇಲಿನ ಸೂರು ಗೋಡೆಯಿಂದ 18 ಇಂಚು ಹೊರಗೆ ಚಾಚಲಿ. ಚಾಚಿದಾಗ ಅದು 6 ಇಂಚು ಕೆಳಕ್ಕೂ ಇಳಿಯುತ್ತದೆ. ಕಿಟಕಿಯ ಮೇಲಂಚು 14 ಇಂಚು ಕೆಳಗಿರುವುದರಿಂದ ತೊಂದರೆಯಿಲ್ಲ. ಕಾಗದದ ಮೇಲೆ ಇದನ್ನು ನೋಡದೆ ಕಟ್ಟಿದರೆ ಸೂರು ಕಿಟಕಿಗೇ ಅಡ್ಡ ಬಂದು ಕೂರುತ್ತದೆ.

ಹಂತ 4: ತೆರಪುಗಳ ಲೆಕ್ಕ

ಸಹಜ ಗಾಳಿಯ ಕೊಟ್ಟಿಗೆಗಳಿಗೆ ಒಂದು ಹಳೆಯ ರೂಢಿ ಇದೆ. ಕಟ್ಟಡದ ಪ್ರತಿ 10 ಅಡಿ ಅಗಲಕ್ಕೆ, ಮೇಲೆ ಉದ್ದಕ್ಕೂ 2 ಇಂಚು ತೆರಪು. ನಮ್ಮದು 36 ಅಡಿ, ಅಂದರೆ 7.2 ಇಂಚು. ಅದನ್ನು 48 ಅಡಿ ಉದ್ದಕ್ಕೆ ಗುಣಿಸಿದರೆ ಸುಮಾರು 29 ಚದರ ಅಡಿ ತೆರಪು ಬೇಕು. ಪ್ರತಿ ಅಂಕಣಕ್ಕೆ, ಅಂದರೆ ಎರಡು ಕಂಬಗಳ ನಡುವಿನ ಜಾಗಕ್ಕೆ, 4 ಅಡಿ ಅಗಲ, 2 ಅಡಿ ಎತ್ತರದ ಒಂದು ಕಿಟಕಿ ಇಟ್ಟರೆ ಎರಡೂ ಕಡೆ ಸೇರಿ 8 ಕಿಟಕಿ, 64 ಚದರ ಅಡಿ. ಮೇಲೆ ಕೀಲಿದ್ದು ಕೆಳಗೆ ಹೊರಕ್ಕೆ ತಳ್ಳುವ ಕಿಟಕಿ ಪೂರ್ತಿ ತೆರೆದಾಗಲೂ ಗಾಳಿಗೆ ಅರ್ಧದಷ್ಟೇ ದಾರಿ ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಆಗಲೂ 32 ಚದರ ಅಡಿ. ಲೆಕ್ಕ ಸರಿಹೋಯಿತು. ಇಂಥ ಕಿಟಕಿಯನ್ನೇ ಆರಿಸಿ. ಮಳೆ ಬರುತ್ತಿದ್ದರೂ ತೆರೆದಿಡಬಹುದು.

ಒಳಬರುವ ದಾರಿಯೂ ಅಷ್ಟೇ ಮುಖ್ಯ. ಹೊರಗೋಡೆಯ ಸೂರಿನ ಅಡಿ, ಉದ್ದಕ್ಕೂ ಒಂದು ಇಂಚಿನ ಸಂದಿಯನ್ನು ಯಾವತ್ತೂ ಮುಚ್ಚಲಾಗದಂತೆ ಬಿಡಿ. 12 ಅಡಿ ಕೋಣೆಗೆ ಒಂದು ಇಂಚು ಸಂದಿ ಅಂದರೆ ಸರಿಯಾಗಿ ಒಂದು ಚದರ ಅಡಿ. ಕುದುರೆಯೊಂದಕ್ಕೆ ಚಳಿಗಾಲದಲ್ಲಿ ಕನಿಷ್ಠ ಬೇಕಾದ್ದು ಅಷ್ಟು. ಬೇಸಿಗೆಗೆ ಇದು ಏನೇನೂ ಸಾಲದು, ಆಗ ಪ್ರತಿ ಕೋಣೆಯ ಹೊರಗೋಡೆಯಲ್ಲಿ ತೆರೆಯುವ ಕಿಟಕಿ ಇರಬೇಕು.

ಬೆಳಕಿನ ಲೆಕ್ಕ ಸುಲಭ. ನೆಲದ ವಿಸ್ತಾರದ ಶೇ. 5ರಷ್ಟು ಕಿಟಕಿ ಇದ್ದರೆ ಹಗಲು ದೀಪ ಬೇಕಾಗುವುದಿಲ್ಲ. ನಮ್ಮ 1,728 ಚದರ ಅಡಿಗೆ 86 ಚದರ ಅಡಿ. ಮೇಲಿನ 64ರ ಜೊತೆ ಕೋಣೆಯ ಕಿಟಕಿಗಳು ಸೇರಿದರೆ ಧಾರಾಳ.

ಮಸುಕು ಪಾಲಿಕಾರ್ಬೊನೇಟ್ ಶೀಟಿನ ಬಗ್ಗೆ ಜನ ಕೇಳುತ್ತಾರೆ. ಪಟ್ಟಿಯುದ್ದಕ್ಕೂ ಅದನ್ನೇ ಹೊಡೆದುಬಿಟ್ಟರೆ ಅಗ್ಗ, ಬೆಳಕೂ ಹೇರಳ. ಆದರೆ ಗಾಳಿ ಹೋಗುವುದಿಲ್ಲ. ಮೇಲೆ ಸೇರಿದ ಬಿಸಿಗಾಳಿ ಅಲ್ಲೇ ಕುಳಿತು, ತಂಪಾದಾಗ ನೀರಾಗಿ ತೊಟ್ಟಿಕ್ಕುತ್ತದೆ. ಬೇಕಿದ್ದರೆ ತೆರೆಯುವ ಕಿಟಕಿಗಳ ನಡುವೆ ತುಂಬುವುದಕ್ಕೆ ಬಳಸಿ.

14 ಅಡಿ ಎತ್ತರದ ಕಿಟಕಿಯನ್ನು ತೆರೆಯುವವರು ಯಾರು? ಏಣಿ ಹತ್ತಿ ತೆರೆಯಬೇಕಾದ ಕಿಟಕಿ ಒಂದೇ ವರ್ಷದಲ್ಲಿ ಶಾಶ್ವತವಾಗಿ ಮುಚ್ಚಿದ ಕಿಟಕಿಯಾಗುತ್ತದೆ. ಒಂದು ಬದಿಯ ಎಲ್ಲ ಕಿಟಕಿಗಳನ್ನೂ ಒಂದೇ ಸರಳಿಗೆ ಜೋಡಿಸಿ, ನೆಲದಲ್ಲಿ ನಿಂತು ಕೈಹಿಡಿ ತಿರುಗಿಸಿದರೆ ಒಟ್ಟಿಗೆ ತೆರೆಯುವಂತೆ ಮಾಡಿ. ಗಾಜಿನಮನೆಗಳಲ್ಲಿ ಇಂಥ ವ್ಯವಸ್ಥೆ ಇರುತ್ತದೆ. ಎರಡು ಬದಿಗೆ ಎರಡು ಬೇರೆ ಕೈಹಿಡಿ ಇರಲಿ, ಗಾಳಿಮಳೆ ಬಂದಾಗ ಅದು ಹೊಡೆಯುವ ಬದಿಯನ್ನು ಮಾತ್ರ ಮುಚ್ಚಬಹುದು.

ಹಕ್ಕಿ ಬಾರದ ಹಾಗೆ ಅರ್ಧ ಇಂಚು ಕಣ್ಣಿನ ತಂತಿಬಲೆ ಸಾಕು. ಸೊಳ್ಳೆಬಲೆ ಹಾಕಬೇಡಿ. ದೂಳು ಹಿಡಿದರೆ ಗಾಳಿ ಸತ್ತಂತೆ.

ಹಂತ 5: ಕಂಬ, ಅಡಿಪಾಯ, ಆಸರೆ

ಈ ಕಟ್ಟಡದಲ್ಲಿ ನಾಲ್ಕು ಸಾಲು ಕಂಬ. ಹೊರಗಿನ ಎರಡು ಗಿಡ್ಡ, ಒಳಗಿನ ಎರಡು ಎತ್ತರ. ಇದರಿಂದ ಒಂದು ದೊಡ್ಡ ಲಾಭವಿದೆ. 36 ಅಡಿ ಅಗಲದ ಕಟ್ಟಡವಾದರೂ ಯಾವ ತೊಲೆಯೂ 12 ಅಡಿಗಿಂತ ಜಾಸ್ತಿ ಹಾಯಬೇಕಿಲ್ಲ. ಮಾಡು ಹೊರುವ ಭಾರಿ ಕೈಚಿಗಳೂ (ತ್ರಿಕೋನ ಚೌಕಟ್ಟುಗಳೂ) ದೊಡ್ಡ ಕ್ರೇನೂ ಬೇಡ, ಸಾಧಾರಣ ಅಳತೆಯ ಮರ ಅಥವಾ ಉಕ್ಕಿನಲ್ಲೇ ಮುಗಿಯುತ್ತದೆ.

ಆದರೆ ಭಾರ ಸಮನಾಗಿ ಹಂಚಿಕೆಯಾಗುವುದಿಲ್ಲ, ಇದನ್ನು ಗಮನಿಸಿ. ಹೊರಗಿನ ಕಂಬ ಮಗ್ಗುಲ ಮಾಡಿನ ಅರ್ಧವನ್ನು, ಅಂದರೆ 6 ಅಡಿ ಅಗಲದ ಮಾಡನ್ನು ಹೊರುತ್ತದೆ. ಒಳಗಿನ ಕಂಬ ಮಗ್ಗುಲ ಮಾಡಿನ ಇನ್ನರ್ಧ 6 ಅಡಿ, ನಡುಮಾಡಿನ ಅರ್ಧ 6 ಅಡಿ, ಒಟ್ಟು 12 ಅಡಿ ಹೊರುತ್ತದೆ. ಪಟ್ಟಿಯ ತೂಕ ಬೇರೆ. ಸರಿಸುಮಾರು ಎರಡು ಪಟ್ಟು ಭಾರ. ಎಲ್ಲ ಕಂಬಗಳಿಗೂ ಒಂದೇ ಅಳತೆಯ ಪಾಯ ಹಾಕಿದರೆ ಒಳಸಾಲು ಕಾಲಕ್ರಮೇಣ ಕುಸಿಯುತ್ತದೆ. ಮಗ್ಗುಲ ಮಾಡು ಗೋಡೆಪಟ್ಟಿಯಿಂದ ಬಿಟ್ಟುಕೊಂಡು ಸೋರಲು ಶುರುವಾಗುತ್ತದೆ. ಒಳಸಾಲಿನ ಪಾಯದ ತಳವನ್ನು ಅಗಲ ಮಾಡಿಸಿ. ನೆಲ ಹೆಪ್ಪುಗಟ್ಟುವ ಜಾಗವಾದರೆ ಪಾಯ ಹೆಪ್ಪಿನ ಮಟ್ಟಕ್ಕಿಂತ ಕೆಳಗಿಳಿಯಬೇಕು.

ಪಕ್ಕಕ್ಕೆ ತಳ್ಳುವ ಗಾಳಿಯ ವಿಷಯಕ್ಕೆ ಬರೋಣ. ಸಾಮಾನ್ಯ ಮಾಡು ಸೂರಿನಿಂದ ನೆತ್ತಿಯವರೆಗೆ ಒಂದೇ ಹಾಳೆ, ಗಾಳಿಯ ತಳ್ಳುವಿಕೆಯನ್ನು ತುದಿಗೋಡೆಗಳಿಗೆ ದಾಟಿಸುತ್ತದೆ. ಇಲ್ಲಿ ಆ ಹಾಳೆ ನಡುವೆ ಕಡಿದುಹೋಗಿದೆ. ಮೇಲಿನ ಪೆಟ್ಟಿಗೆ ಗಾಳಿಗೆ ಎದೆಯೊಡ್ಡಿ ನಿಂತಿರುತ್ತದೆ. ಹಾಗಾಗಿ ಪಟ್ಟಿಯಲ್ಲಿ ಕಿಟಕಿಗಳ ನಡುವೆ ಗಟ್ಟಿ ಹಲಗೆ ಹೊಡೆದ ಭಾಗ ಉಳಿಯಬೇಕು, ತುದಿ ಅಂಕಣಗಳಲ್ಲಿ ಓರೆ ಆಸರೆ ಇರಬೇಕು, ಒಳಕಂಬಕ್ಕೂ ಮೇಲಿನ ತೊಲೆಗೂ ಮೂಲೆಯಲ್ಲಿ ಓರೆ ಕಟ್ಟು ಬೇಕು. ಪಕಾಸಿಗೆ, ಅಂದರೆ ಮಾಡನ್ನು ಹೊರುವ ಓರೆ ತೊಲೆಗೆ, ಬರೀ ಮೊಳೆ ಸಾಲದು, ಲೋಹದ ಪಟ್ಟಿ ಮತ್ತು ಬೋಲ್ಟ್ ಹಾಕಿಸಿ. ತುದಿಬಾಗಿಲು ತೆರೆದಿದ್ದಾಗ ನುಗ್ಗಿದ ಗಾಳಿ ಮಾಡನ್ನು ಒಳಗಿನಿಂದ ಎತ್ತುತ್ತದೆ.

ಹಿಮ ಬೀಳುವಲ್ಲಿ ಮೇಲಿನ ಮಾಡಿನ ಹಿಮ ಜಾರಿ ಕೆಳಮಾಡಿನ ಮೇಲೆ ಬೀಳುತ್ತದೆ. ಗಾಳಿಗೆ ಹಾರಿದ ಹಿಮವೂ ಗೋಡೆಪಟ್ಟಿಯ ಬುಡದಲ್ಲೇ ಗುಡ್ಡೆಯಾಗುತ್ತದೆ. ಕೆಳಮಾಡಿನ ಪಕಾಸುಗಳನ್ನು ಆ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿಸಬೇಕು. ಇದು ಕಟ್ಟಡ ಎಂಜಿನಿಯರ್ ಕೆಲಸ, ಅಂದಾಜಿನಲ್ಲಿ ಮಾಡುವಂಥದ್ದಲ್ಲ.

ಹಂತ 6: ಮಾಡು ಗೋಡೆಯನ್ನು ಮುಟ್ಟುವ ಜಾಗ

ಈ ಕೊಟ್ಟಿಗೆ ಸೋರಿದರೆ ಬಹುಪಾಲು ಇಲ್ಲೇ ಸೋರುತ್ತದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮಗ್ಗುಲ ಮಾಡಿನ ಶೀಟು ಮೇಲೇರಿ ಬಂದು ಗೋಡೆಪಟ್ಟಿಯ ಬುಡದಲ್ಲಿ ನಿಲ್ಲುತ್ತದೆ. ಗೋಡೆಗೆ ಹೊರಹಲಗೆ ಹೊಡೆಯುವ ಮೊದಲೇ ಅಲ್ಲಿ ಎಲ್ ಆಕಾರಕ್ಕೆ ಮಡಿಸಿದ ತಗಡಿನ ಪಟ್ಟಿ ಕೂರಿಸಿ. ಅದರ ಒಂದು ಕೈ ಗೋಡೆಯ ಮೇಲೆ ಕನಿಷ್ಠ 6 ಇಂಚು ಏರಬೇಕು, ಇನ್ನೊಂದು ಕೈ ಶೀಟಿನ ಮೇಲೆ ಕನಿಷ್ಠ 6 ಇಂಚು ಚಾಚಬೇಕು. ಶೀಟಿನ ಏಣುಗಳ ನಡುವಿನ ತಗ್ಗಿಗೆ ಅದೇ ಆಕಾರದ ಫೋಮ್ ಪಟ್ಟಿ ತುಂಬಿ. ಇಲ್ಲದಿದ್ದರೆ ಬಿರುಗಾಳಿಗೆ ಮಳೆನೀರು ಆ ತಗ್ಗಿನಲ್ಲಿ ಹಿಮ್ಮುಖವಾಗಿ ಹತ್ತಿ ಒಳಗೆ ಬರುತ್ತದೆ. ಆಮೇಲೆ ಗೋಡೆಯ ನೀರು ತಡೆಯುವ ಹಾಳೆಯನ್ನು ತಗಡಿನ ಮೇಲುಗೈಯ ಹೊರಗೆ ಇಳಿಬಿಡಿ. ತಗಡಿನ ಹಿಂದೆ ಇಳಿಬಿಟ್ಟರೆ ನೀರು ನೇರ ಗೋಡೆಯೊಳಗೆ ಹೋಗುತ್ತದೆ. ಕೊನೆಗೆ ಹೊರಹಲಗೆ. ಅದು ಶೀಟನ್ನು ಮುಟ್ಟದೆ 2 ಇಂಚು ಮೇಲೆಯೇ ನಿಲ್ಲಲಿ. ಶೀಟಿಗೆ ತಾಗಿದ ಮರ ನೀರು ಹೀರಿ ಬುಡದಿಂದ ಕೊಳೆಯುತ್ತದೆ.

ಸಿಲಿಕೋನ್ ಬಳಿದು ಎಲ್ಲ ಸರಿಮಾಡುತ್ತೇನೆ ಅನ್ನುವ ಕೆಲಸಗಾರರ ಮಾತು ಕೇಳಬೇಡಿ. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಅದು ಬಿಟ್ಟುಕೊಳ್ಳುತ್ತದೆ. ನೀರನ್ನು ತಡೆಯಬೇಕಾದ್ದು ಒಂದರ ಮೇಲೊಂದು ಹೊದಿಸಿದ ಕ್ರಮ.

ಮೇಲಿನ ಮಾಡಿಗೆ ಸೂರಿನ ನೀರು ಹಿಡಿದು ಸಾಗಿಸುವ ದೋಣಿ ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಅದನ್ನು ಶುಚಿ ಮಾಡಲು ಕೆಳಮಾಡಿನ ಮೇಲೆ ಹತ್ತಬೇಕು, ಯಾರೂ ಹತ್ತುವುದಿಲ್ಲ. ನೀರು ಕೆಳಮಾಡಿಗೇ ಬೀಳಲಿ. ಆದರೆ ಕೆಳಸೂರಿನ ದೋಣಿಯನ್ನು ಎರಡೂ ಮಾಡಿನ ನೀರಿಗೆ ಲೆಕ್ಕ ಹಾಕಿ. ನಮ್ಮ ಉದಾಹರಣೆಯಲ್ಲಿ ಸೂರು ಸೇರಿ ಒಂದು ಬದಿಗೆ ಸುಮಾರು 20 ಅಡಿ ಅಗಲ, 48 ಅಡಿ ಉದ್ದದ ಮಾಡಿನ ನೀರು ಬರುತ್ತದೆ. 25 ಮಿಲಿಮೀಟರ್ ಮಳೆ ಸುರಿದರೆ ಒಂದೇ ಬದಿಯಿಂದ 2,200 ಲೀಟರ್. ಹಿಡಿದಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಪಾಯದಿಂದ ದೂರ ಹರಿಸಿ.

ಮಾಡಿನ ಶೀಟಿನ ಅಡಿಗೆ ನಿರೋಧಕ ಪದರ ಹಾಕಿಸಿ. ಬರೀ ಶೀಟಾದರೆ ಚಳಿ ರಾತ್ರಿಯಲ್ಲಿ ಒಳಗಿನ ಆವಿ ಅದಕ್ಕೆ ತಾಗಿ ಹನಿಯಾಗಿ ಪ್ರಾಣಿಗಳ ಬೆನ್ನ ಮೇಲೆ ಬೀಳುತ್ತದೆ. ಮಳೆಯ ಸದ್ದೂ ಬೇಸಿಗೆಯ ಕಾವೂ ಇದರಿಂದ ತಗ್ಗುತ್ತವೆ.

ಹಂತ 7: ಒಳಗೋಡೆ, ನೆಲ, ಬಾಗಿಲು

ಕೋಣೆಗಳ ನಡುವಿನ ಗೋಡೆ 4 ಅಡಿವರೆಗೆ ಗಟ್ಟಿ ಹಲಗೆ, ಅದರ ಮೇಲೆ ಸರಳು. ಸರಳುಗಳ ನಡುವೆ 3 ಇಂಚಿಗಿಂತ ಜಾಸ್ತಿ ಜಾಗ ಬೇಡ, ಗೊರಸು ಸಿಕ್ಕಿಕೊಳ್ಳುತ್ತದೆ. ಒಟ್ಟು ಎತ್ತರ 7ರಿಂದ 8 ಅಡಿ. ಅದಕ್ಕೂ ಮೇಲೆ ಪೂರ್ತಿ ಬಯಲು.

ಆ ಬಯಲನ್ನು ಕಾಪಾಡುವುದು ಬಹಳ ಮುಖ್ಯ. ಕೋಣೆಗಳಿಗೆ ಒಳಮಾಳಿಗೆ ಹೊಡೆಯಬೇಡಿ. ಒಳಕಂಬದ ಸಾಲಿನಲ್ಲಿ, ಕೋಣೆಯ ಮುಂಭಾಗಕ್ಕೂ ಮಾಡಿಗೂ ನಡುವೆ, ಚೆಂದಕ್ಕೆಂದು ಹಲಗೆ ತುಂಬುವುದನ್ನು ಕಂಡಿದ್ದೇನೆ. ಅಲ್ಲಿಗೆ ಮುಗಿಯಿತು. ಶೀಟಿನಡಿ ಏರಿ ಬಂದ ಬಿಸಿಗಾಳಿ ಆ ಹಲಗೆಗೆ ಡಿಕ್ಕಿ ಹೊಡೆದು ಕೋಣೆಯ ಮೇಲೇ ನಿಂತುಬಿಡುತ್ತದೆ, ಪಟ್ಟಿಯ ಕಿಟಕಿ ತೆರೆದಿದ್ದರೂ ಪ್ರಯೋಜನವಿಲ್ಲ. ಆ ಸಾಲಿನಲ್ಲಿ ತೊಲೆ ಬೇಕಾದರೆ ಇರಲಿ, ಆದರೆ ಆಳ ಆದಷ್ಟು ಕಡಿಮೆಯಿರಲಿ.

ಕೋಣೆಯ ಬಾಗಿಲು 4 ಅಡಿ ಅಗಲದ, ಪಕ್ಕಕ್ಕೆ ಜಾರುವಂಥದ್ದು. ಓಣಿಯ ತುದಿಬಾಗಿಲು 10 ಅಡಿ ಅಗಲ, 10 ಅಡಿ ಎತ್ತರ ಇದ್ದರೆ ಟ್ರ್ಯಾಕ್ಟರ್ ನಿರಾಳವಾಗಿ ಹಾಯುತ್ತದೆ. ಎರಡೂ ತುದಿಯಲ್ಲಿ ಬಾಗಿಲು ಇರಲೇಬೇಕು.

ಓಣಿಯ ನೆಲಕ್ಕೆ ಪೊರಕೆ ಎಳೆದು ಒರಟು ಮಾಡಿದ ಕಾಂಕ್ರೀಟ್, ಚೂರು ವಾಟ ಕೊಟ್ಟು. ನುಣುಪು ಕಾಂಕ್ರೀಟಿನಲ್ಲಿ ಲಾಳದ ಕಾಲು ಜಾರುತ್ತದೆ. ಕೋಣೆಗೆ ಜಲ್ಲಿಪುಡಿ ಚೆನ್ನಾಗಿ ದಮ್ಮಸ್ಸು ಮಾಡಿ ಮೇಲೆ ರಬ್ಬರ್ ಹಾಸು.

ಅಟ್ಟದ ಆಸೆ

ನಡುವೆ ಅಷ್ಟು ಎತ್ತರ ಸಿಕ್ಕಾಗ ಎಲ್ಲರಿಗೂ ಅಟ್ಟ ಹಾಕಿ ಹುಲ್ಲು ತುಂಬುವ ಆಸೆ ಬರುತ್ತದೆ. ಓಣಿಯುದ್ದಕ್ಕೂ ಅಟ್ಟ ಹಾಕಿದರೆ ಬೆಳಕೂ ಗಾಳಿಯೂ ಅಟ್ಟಕ್ಕೇ ಸೀಮಿತ, ಕೆಳಗೆ ಸುರಂಗ. ಹುಲ್ಲಿನ ದೂಳು ಕೆಳಗಿನ ಪ್ರಾಣಿಗಳ ಮೂಗಿಗೆ. ಜೊತೆಗೆ ಬೆಂಕಿಯ ಭಯ. ಸರಿಯಾಗಿ ಒಣಗದ ಹುಲ್ಲಿನ ಪೆಂಡಿಗಳು ಒಳಗೊಳಗೇ ಬಿಸಿಯೇರಿ ತಾವಾಗಿಯೇ ಹೊತ್ತಿಕೊಳ್ಳುತ್ತವೆ. ತೇವ ಶೇ. 20 ದಾಟಿದ ಪೆಂಡಿಯನ್ನು ಪೇರಿಸಬಾರದು. ರಾಶಿಯ ಒಳಗಿನ ಶಾಖ 65 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಪಾಯ ಹತ್ತಿರವಿದೆ ಅಂತ ಅರ್ಥ. ಹುಲ್ಲಿಗೆ ಬೇರೆ ಶೆಡ್ಡೇ ಒಳ್ಳೆಯದು. ಅಟ್ಟ ಬೇಕೇ ಬೇಕಾದರೆ ಒಂದು ತುದಿಯ ಒಂದೇ ಅಂಕಣಕ್ಕೆ ಹಾಕಿ, ಎರಡು ಮೂರು ದಿನದ ಮೇವು ಇಟ್ಟುಕೊಳ್ಳಿ.

ವಿದ್ಯುತ್ತು ಮತ್ತು ಬೆಂಕಿಯ ಎಚ್ಚರ

ವೈರುಗಳೆಲ್ಲ ಪೈಪಿನೊಳಗೆ, ಪ್ರಾಣಿಯ ಬಾಯಿಗೆ, ಇಲಿಯ ಹಲ್ಲಿಗೆ ಎಟುಕದಂತೆ ಇರಲಿ. ದೀಪಗಳಿಗೆ ದೂಳು ಹೋಗದ ಮುಚ್ಚಳ. ಸೆಕೆಗೆ ಫ್ಯಾನು ಬೇಕೆನಿಸಿದರೆ ಮೋಟಾರು ಪೂರ್ತಿ ಮುಚ್ಚಿರುವಂಥದ್ದೇ ಕೊಳ್ಳಿ. ಮನೆಬಳಕೆಯ ಪೆಟ್ಟಿಗೆ ಫ್ಯಾನಿನ ಮೋಟಾರಿಗೆ ದೂಳು ತುಂಬಿ ಕಿಡಿ ಹಾರಿದರೆ ಕೊಟ್ಟಿಗೆಯೇ ಹೋಗುತ್ತದೆ. ಒಟ್ಟು ಕರೆಂಟು ಕಡಿಯುವ ಸ್ವಿಚ್ಚು ಬಾಗಿಲ ಹತ್ತಿರ, ಬೆಂಕಿ ಆರಿಸುವ ಉಪಕರಣ ಎರಡೂ ತುದಿಯಲ್ಲಿ. ಓಣಿಯಲ್ಲಿ ಏನನ್ನೂ ಪೇರಿಸಬೇಡಿ.

ಪ್ರಾಣಿಗಳು ಬರುವ ಮೊದಲು ಮತ್ತು ಬಂದ ಮೇಲೆ

ಕಟ್ಟಡ ಮುಗಿದ ಮೇಲೆ, ಹುಲ್ಲು, ಹಾಸು ಏನೂ ಒಳಗೆ ಬರುವ ಮುಂಚೆ, ತುದಿಬಾಗಿಲು ಮುಚ್ಚಿ, ಪಟ್ಟಿಯ ಕಿಟಕಿ ತೆರೆದು, ಒಂದು ಕೋಣೆಯ ಮೂಲೆಯಲ್ಲಿ ಹೊಗೆ ಬಿಡುವ ಬತ್ತಿ ಹಿಡಿದು ನಿಲ್ಲಿ. ಹೊಗೆ ಶೀಟಿನಡಿ ಏರಿ ಓಣಿಗೆ ಬಂದು ಕಿಟಕಿಯಿಂದ ಹೊರಹೋಗಬೇಕು. ಎಲ್ಲಿ ಸುಳಿಸುತ್ತಿ ನಿಲ್ಲುತ್ತದೋ ಅಲ್ಲಿ ಏನೋ ಅಡ್ಡಿ ಇದೆ. ಈ ಹಂತದಲ್ಲಿ ತೆಗೆಯುವುದು ಸುಲಭ. ತಂಪು ಬೆಳಗಿನಲ್ಲಿ ಮಾಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಪ್ರಾಣಿಗಳು ಬಂದ ಮೇಲಿನ ಪರೀಕ್ಷೆ ಇನ್ನೂ ಸರಳ. ಮುಂಜಾನೆ, ಬಾಗಿಲು ತೆರೆಯುವ ಮೊದಲು, ಕೋಣೆಯಲ್ಲಿ ಮೊಣಕಾಲೂರಿ ಕುಳಿತು ಉಸಿರೆಳೆದುಕೊಳ್ಳಿ. ಮೂಗಿಗೆ ಅಮೋನಿಯ ಘಾಟು ಬಂದರೆ ಹಾಸು ಬದಲಿಸುವುದು ಸಾಲುತ್ತಿಲ್ಲ, ಇಲ್ಲವೇ ಮೇಲಿನ ತೆರಪು ಸಾಲುತ್ತಿಲ್ಲ. ಬೆಳಿಗ್ಗೆ ಶೀಟಿನಡಿ ಹನಿ ಕಂಡರೂ ಗಾಳಿ ಕಡಿಮೆಯಾಗಿದೆ ಎಂದೇ ತಿಳಿಯಿರಿ.

ಚಳಿ ಬಂದಾಗ ಎಲ್ಲ ಕಿಟಕಿ ಬಿಗಿಯಾಗಿ ಮುಚ್ಚಬೇಕು ಅನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ಚಳಿಯಾದಷ್ಟು ಕುದುರೆಗೆ, ದನಕ್ಕೆ ಆಗುವುದಿಲ್ಲ. ಒಣ ಚಳಿಯನ್ನು ಅವು ಸಹಿಸುತ್ತವೆ, ತೇವದ ಕೊಳೆಗಾಳಿಯನ್ನು ಸಹಿಸುವುದಿಲ್ಲ. ಚಳಿಗಾಲದಲ್ಲೂ ಒಳಗಿನ ಗಾಳಿ ಗಂಟೆಗೆ 4ರಿಂದ 8 ಸಲ ಪೂರ್ತಿ ಬದಲಾಗಬೇಕು. ಗಾಳಿ ಹೊಡೆಯುವ ಬದಿ ಮುಚ್ಚಿ, ಇನ್ನೊಂದು ಬದಿಯನ್ನು ಒಂದೆರಡು ಇಂಚು ತೆರೆದೇ ಇಡಿ. ಸೂರಿನ ಸಂದಿಗೆ ಬಟ್ಟೆ ತುರುಕಬೇಡಿ.

ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಚಳಿಗೆ ಮುಂಚೆ, ತಂತಿಬಲೆಯ ಜೇಡರಬಲೆ, ದೂಳು ಗುಡಿಸಿ. ಕಿಟಕಿಯ ಸರಳಿಗೆ ಎಣ್ಣೆ ಬಿಡಿ. ತಗಡಿನ ಮಡಿಕೆಯ ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಿ, ಅದರ ರಬ್ಬರ್ ವಾಷರ್ ಒಡೆದಿದ್ದರೆ ಬದಲಿಸಿ. ಪಾಲಿಕಾರ್ಬೊನೇಟ್ ಹಾಕಿದ್ದರೆ ಸಾದಾ ಸೋಪಿನ ನೀರಿನಲ್ಲಿ ತೊಳೆಯಿರಿ, ಒರಟು ಬ್ರಷ್ಷಿನಿಂದ ಉಜ್ಜಿದರೆ ಗೀರು ಬಿದ್ದು ಮಂಕಾಗುತ್ತದೆ. ಮುಂದೆ ಪ್ರಾಣಿಗಳು ಹೆಚ್ಚಾಗಿ ಜಾಗ ಸಾಲದಾದರೆ ಕಟ್ಟಡವನ್ನು ಉದ್ದಕ್ಕೆ ಬೆಳೆಸಿ. ಒಂದು ತುದಿಗೋಡೆ ಬಿಚ್ಚಿ 12 ಅಡಿಯ ಅಂಕಣ ಸೇರಿಸುವುದು ಸುಲಭ, ಕಿಟಕಿಯೂ ಸೂರಿನ ಸಂದಿಯೂ ಅದೇ ಪ್ರಮಾಣದಲ್ಲಿ ಸೇರಿಕೊಳ್ಳುತ್ತವೆ. ಅಗಲಕ್ಕೆ ಬೆಳೆಸಿದರೆ ಮಗ್ಗುಲ ಮಾಡು ಇನ್ನೂ ತಗ್ಗಿಗೆ ಇಳಿಯಬೇಕಾಗುತ್ತದೆ, ತೆರಪುಗಳ ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಗುತ್ತದೆ.